ದೊಡ್ಡ ಬೈಕಿಗೆ ಜಾಸ್ತಿ ಲೈಟು ಬೇಕೇ? ಬೇಕು, ಆದರೆ ತಗ್ಗಿರಲಿ



ಶನಿವಾರ ಭಾನುವಾರ ಬಂತೆಂದರೆ ನಮ್ಮೂರ ರಸ್ತೆಯಲ್ಲಿ ದೊಡ್ಡ ದೊಡ್ಡ ಬೈಕುಗಳು ಸಾಲಾಗಿ ಹೋಗುವುದನ್ನು ನೀವೆಲ್ಲರೂ ನೋಡಿದ್ದೀರಿ. ಬೆಂಗಳೂರಿನಿಂದ ಹೊರಟು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರು ಅವರು. ಎತ್ತರದ ಸೀಟು, ಉದ್ದನೆಯ ಶಾಕ್ ಅಬ್ಸಾರ್ಬರು, ಎರಡೂ ಪಕ್ಕ ಸಾಮಾನಿನ ಪೆಟ್ಟಿಗೆ. ಇಂಥವಕ್ಕೆ ಅಡ್ವೆಂಚರ್ ಟೂರಿಂಗ್ ಬೈಕು ಎನ್ನುತ್ತಾರೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್. ಅದು 2016ರಲ್ಲಿ 411 ಸಿ.ಸಿ. ಎಂಜಿನ್ನಿನೊಂದಿಗೆ ಬಂತು. 2023ರ ಕೊನೆಗೆ 452 ಸಿ.ಸಿ.ಯ ಹೊಸ ಹಿಮಾಲಯನ್ ಬಂತು. ಎರಡಕ್ಕೂ ಮುಂದಿನ ಚಕ್ರ 21 ಇಂಚು.

ನಾವು ಹುಡುಗರು ಎಣಿಸುವುದು ಮಾತ್ರ ಅವುಗಳ ಲೈಟನ್ನು. ಕಂಪನಿಯವರು ಕೊಟ್ಟ ಹೆಡ್‌ಲೈಟು ಒಂದೇ ಆದರೂ ಕೆಲವರು ಎರಡು, ಕೆಲವರು ನಾಲ್ಕು ಲೈಟು ಬೇರೆ ಹಾಕಿಸಿಕೊಂಡಿರುತ್ತಾರೆ. ಇದು ಸರಿಯೋ ತಪ್ಪೋ ಎಂಬುದರ ಮೇಲೆ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ.

ಮೊದಲು ಅವರ ಕಡೆಯ ನ್ಯಾಯ ಹೇಳುತ್ತೇನೆ. ನಮ್ಮ ಚಿಕ್ಕಪ್ಪ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಅವರು ಹೇಳುವುದೇನೆಂದರೆ, ಘಾಟಿ ರಸ್ತೆಗೆ ಒಂದು ಹೆಡ್‌ಲೈಟು ಸಾಲುವುದಿಲ್ಲ. ತಿರುವಿನಲ್ಲಿ ಬೈಕು ಓರೆಯಾಗುತ್ತದೆ, ಬೆಳಕು ನೇರಕ್ಕೆ ಹೋಗುತ್ತದೆ, ರಸ್ತೆ ಮಾತ್ರ ಪಕ್ಕಕ್ಕೆ ಹೋಗಿರುತ್ತದೆ. ಅಲ್ಲಿ ಒಂದು ಎಮ್ಮೆ ಮಲಗಿದ್ದರೆ ಕತ್ತಲೆಗೂ ಎಮ್ಮೆಗೂ ವ್ಯತ್ಯಾಸ ಗೊತ್ತಾಗಲ್ಲ. ನಾನು ಒಂದು ಲೆಕ್ಕ ಮಾಡಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗುತ್ತದೆ. ಕಣ್ಣು ಕಂಡು, ತಲೆಗೆ ಹೊಳೆದು, ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲೇ ನಮ್ಮ ತರಗತಿಯ ಕೋಣೆಗಿಂತ ಹೆಚ್ಚು ದೂರ ಮುಂದೆ ಹೋಗಿರುತ್ತದೆ. ಆದ್ದರಿಂದ ದೂರ ಕಾಣಬೇಕು ಎನ್ನುವುದು ಶೋಕಿ ಅಲ್ಲ, ಜೀವದ ಪ್ರಶ್ನೆ. ಹೆಚ್ಚಿನ ಲೈಟೇ ಬೇಡ ಎಂದು ನಾನು ಹೇಳುವುದಿಲ್ಲ.

ಆದರೆ ರಸ್ತೆಯಲ್ಲಿ ಬೈಕು ಒಂದೇ ಇರುವುದಿಲ್ಲ. ಹೋದ ಮಾರ್ಗಶಿರದಲ್ಲಿ ನಮ್ಮಪ್ಪ ಸಂಜೆ ಡೇರಿಗೆ ಹಾಲು ತೆಗೆದುಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಎದುರಿಗೆ ಬಂದ ಬೈಕಿನ ನಾಲ್ಕೂ ಲೈಟು ಉರಿಯುತ್ತಿತ್ತು. ಅಪ್ಪನಿಗೆ ರಸ್ತೆಯ ಅಂಚೇ ಕಾಣಲಿಲ್ಲ, ಸೈಕಲ್ಲು ಸಮೇತ ಚರಂಡಿಗೆ ಇಳಿದರು. ಮೊಣಕಾಲು ತರಚಿತು, ಹಾಲೆಲ್ಲ ಚೆಲ್ಲಿತು. ಆ ಬೈಕಿನವರು ಕೆಟ್ಟವರೇನಲ್ಲ. ನಿಲ್ಲಿಸಿ ಬಂದು ಕೈ ಹಿಡಿದು ಎತ್ತಿದರು. “ಲೈಟು ಹಾಕದಿದ್ದರೆ ನಮಗೆ ರಸ್ತೆ ಕಾಣಲ್ಲ ಸಾರ್” ಅಂದರು. ಅದಕ್ಕೆ ನಮ್ಮಪ್ಪ, “ನೀವು ಹಾಕಿದ್ದಕ್ಕೇ ಸ್ವಾಮಿ ನನಗೆ ಕಾಣ್ಲಿಲ್ಲ” ಅಂದರು. ಇಬ್ಬರ ಮಾತೂ ನಿಜ. ಇಬ್ಬರಿಗೂ ಕಾಣುವ ಹಾಗೆ ಮಾಡುವುದು ಹೇಗೆ ಎನ್ನುವುದೇ ಪ್ರಶ್ನೆ.

ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ದೊಡ್ಡದಾಗಿರುತ್ತದೆ. ಜೋರು ಬೆಳಕು ಬಿದ್ದ ಕೂಡಲೇ ಅದು ಚಿಕ್ಕದಾಗುತ್ತದೆ. ಬೆಳಕು ಹೋದ ಮೇಲೂ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಸಮಯ ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು ಬೇಕು. ಬೈಕು ಹೋಗಿಬಿಟ್ಟಿರುತ್ತದೆ, ಅಜ್ಜ ಅಜ್ಜಿ ಮಾತ್ರ ಕುರುಡರಂತೆ ರಸ್ತೆಯಲ್ಲಿ ನಿಂತಿರುತ್ತಾರೆ. ಎದುರು ಕಾರು ಬಂದರೆ ಅದು ಡಿಪ್ ಮಾಡಿ ತೋರಿಸುತ್ತದೆ, ಬೈಕಿನವರಿಗೂ ಅರ್ಥವಾಗುತ್ತದೆ. ನಡೆಯುವವರ ಹತ್ತಿರ ಡಿಪ್ಪರ್ ಎಲ್ಲಿದೆ?

ಈಗ ವಿಜ್ಞಾನದ ಮಾತು. ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಆದ್ದರಿಂದ ಲೈಟು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿಗೆ ತಿರುಗಿದೆ ಎನ್ನುವುದೇ ಮುಖ್ಯ. ನೆಲದಿಂದ 1 ಮೀಟರ್ ಎತ್ತರದಲ್ಲಿರುವ ಲೈಟು 10 ಮೀಟರಿಗೆ 10 ಸೆಂ.ಮೀ. ಇಳಿಯುವ ಹಾಗೆ ಬಾಗಿದ್ದರೆ, ಅದರ ಬೆಳಕು 100 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಯಾರ ಕಣ್ಣಿಗೂ ಹೊಡೆಯುವುದಿಲ್ಲ. ಅದೇ ಲೈಟು ಒಂದು ಡಿಗ್ರಿ ಮೇಲಕ್ಕೆ ನೋಡಿದರೆ 50 ಮೀಟರಿನಲ್ಲಿ ಸುಮಾರು 87 ಸೆಂ.ಮೀ. ಮೇಲೇರುತ್ತದೆ. ಅಂದರೆ ನೆಲದಿಂದ 1 ಮೀಟರ್ 87 ಸೆಂ.ಮೀ. ನಮ್ಮ ತರಗತಿಯಲ್ಲಿ ಅಷ್ಟು ಎತ್ತರ ಯಾರಿದ್ದಾರೆ? ನಮ್ಮೆಲ್ಲರ ಕಣ್ಣೂ ಆ ಬೆಳಕಿನ ಒಳಗೇ ಬೀಳುತ್ತದೆ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಈ ಬೈಕುಗಳ ಶಾಕ್ ಅಬ್ಸಾರ್ಬರು ಉದ್ದ. ಹಿಂದೆ ಒಬ್ಬರು ಕೂತು, ಪೆಟ್ಟಿಗೆಯಲ್ಲಿ ಸಾಮಾನು ತುಂಬಿದರೆ ಹಿಂಭಾಗ ತಗ್ಗಿ ಮೂತಿ ಮೇಲಕ್ಕೆ ಏಳುತ್ತದೆ, ಅದರ ಜೊತೆ ಲೈಟೂ ಏಳುತ್ತದೆ. ಖಾಲಿ ಬೈಕಿನಲ್ಲಿ ಸರಿಯಾಗಿದ್ದದ್ದು ಪ್ರವಾಸದ ದಿನ ತಪ್ಪಾಗುತ್ತದೆ. ಆದ್ದರಿಂದ ಹೊರಡುವ ದಿನವೇ, ಸಾಮಾನು ಹೇರಿ, ಜನ ಕೂತ ಮೇಲೆ, ಒಂದು ಗೋಡೆಯ ಮುಂದೆ ನಿಲ್ಲಿಸಿ ನೋಡಬೇಕು. ಲೈಟಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಳಕಿನ ಮುದ್ದೆ ಗೆರೆಯ ಕೆಳಗೇ ಇರುವಂತೆ ಬಾಗಿಸಬೇಕು. ಇದಕ್ಕೆ ಒಂದು ಪಾನಾ ಮತ್ತು ಹತ್ತು ನಿಮಿಷ ಸಾಕು ಎಂದು ಚಿಕ್ಕಪ್ಪ ಹೇಳುತ್ತಾರೆ.

ಲೈಟಿನಲ್ಲೂ ಎರಡು ಜಾತಿ. ಒಂದು ಸ್ಪಾಟ್ ಲೈಟು, ಅದು ಕಿರಿದಾಗಿ ದೂರ ಹೋಗುತ್ತದೆ. ಇನ್ನೊಂದು ಫಾಗ್ ಲೈಟು, ಅದು ಅಗಲವಾಗಿ ಹತ್ತಿರ ಬೀಳುತ್ತದೆ. ನಮ್ಮ ಘಾಟಿಯ ಮಂಜಿಗೆ ಎರಡನೆಯದೇ ಸರಿ, ಅದೂ ತಗ್ಗಿನಲ್ಲಿ ಕಟ್ಟಿರಬೇಕು. ಮಂಜೆಂದರೆ ನೀರಿನ ಸಣ್ಣ ಹನಿಗಳು. ಮೇಲೆ ಬಿಟ್ಟ ಜೋರು ಬೆಳಕು ಆ ಹನಿಗಳಿಗೆ ತಾಗಿ ಚೆದುರಿ ಓಡಿಸುವವನ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳೀ ಗೋಡೆ ಕಟ್ಟಿದ ಹಾಗಾಗುತ್ತದೆ. ಹಳದಿ ಲೈಟು ಮಂಜನ್ನು ಸೀಳುತ್ತದೆ ಎಂದು ಕೆಲವರು ಹೇಳುತ್ತಾರೆ. ಹಳದಿ ಕಣ್ಣಿಗೆ ಹಿತ ಇರಬಹುದು, ಆದರೆ ಮಂಜಿನ ಹನಿ ದೊಡ್ಡದಾದ್ದರಿಂದ ಎಲ್ಲ ಬಣ್ಣವನ್ನೂ ಹೆಚ್ಚು ಕಮ್ಮಿ ಒಂದೇ ರೀತಿ ಚೆದುರಿಸುತ್ತದೆ. ಅಲ್ಲೂ ಬಣ್ಣಕ್ಕಿಂತ ದಿಕ್ಕೇ ದೊಡ್ಡದು.

ವೈರಿನ ವಿಷಯವನ್ನೂ ಹೇಳಬೇಕು. ಬೈಕಿನ ಬ್ಯಾಟರಿ 12 ವೋಲ್ಟ್. 55 ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬು ಹಾಕಿದರೆ 110 ವ್ಯಾಟ್. ಅದನ್ನು 12ರಿಂದ ಭಾಗಿಸಿದರೆ 9 ಆಂಪಿಯರಿಗಿಂತ ಹೆಚ್ಚು. 20 ವ್ಯಾಟಿನ ಎರಡು ಎಲ್‌ಇಡಿ ಹಾಕಿದರೆ 40 ವ್ಯಾಟ್, ಅಂದರೆ ಸುಮಾರು 3.3 ಆಂಪಿಯರ್ ಸಾಕು. ಹೆಡ್‌ಲೈಟಿನ ವೈರನ್ನೇ ಸುಲಿದು ಹೊಸ ಲೈಟಿಗೆ ಗಂಟು ಹಾಕಿದರೆ ಆ ವೈರು ಕಾದು ಕರಗುತ್ತದೆ. ಬ್ಯಾಟರಿಯಿಂದ ಬೇರೆ ವೈರು ಎಳೆದು, ಅದಕ್ಕೆ ಫ್ಯೂಸ್ ಹಾಕಿ, ಮಧ್ಯದಲ್ಲಿ ರಿಲೇ ಇಡಬೇಕು. ರಿಲೇ ಎಂದರೆ ಚಿಕ್ಕ ಕರೆಂಟು ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು. ಇಲ್ಲೇ ನನಗೆ ಬಹಳ ಇಷ್ಟವಾದ ಉಪಾಯ ಇದೆ. ಸ್ಪಾಟ್ ಲೈಟಿನ ರಿಲೇಯನ್ನು ಹೈ ಬೀಮಿಗೆ ಜೋಡಿಸಿದರೆ, ಎದುರು ಜನ ಕಂಡು ಡಿಪ್ ಮಾಡಿದ ತಕ್ಷಣ ಸ್ಪಾಟ್ ಲೈಟೂ ತಾನಾಗಿಯೇ ಆರುತ್ತದೆ. ಎರಡು ಸ್ವಿಚ್ಚು ಹುಡುಕುವ ಕಷ್ಟವೇ ಇಲ್ಲ. ಮರ್ಯಾದೆಯನ್ನು ವೈರಿನಲ್ಲೇ ಕಟ್ಟಿಟ್ಟ ಹಾಗೆ!

ಕಾನೂನು ಏನು ಹೇಳುತ್ತದೆ? 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಹಗಲಲ್ಲೂ ಉರಿಯುತ್ತಲೇ ಇರುತ್ತದೆ. ಹಾಗಾಗಿ “ಬೇರೆಯವರಿಗೆ ನಾನು ಕಾಣಲಿ ಅಂತ ಹಾಕಿದ್ದೀನಿ” ಎಂದು ಹಗಲಲ್ಲಿ ನಾಲ್ಕು ಲೈಟು ಉರಿಸುವ ಅಗತ್ಯವಿಲ್ಲ. ಕಣ್ಣು ಕುಕ್ಕುವ ಲೈಟು ಹಾಕಿದ ವಾಹನಗಳ ಮೇಲೆ ಕರ್ನಾಟಕದ ಪೊಲೀಸರು 2024ರ ಜುಲೈಯಿಂದ ಕೇಸು ಹಾಕತೊಡಗಿದರು. ಅದು ಒಳ್ಳೆಯ ಕೆಲಸ. ಆದರೆ ನಮ್ಮ ಹಳ್ಳಿಯ ತಿರುವಿನಲ್ಲಿ ರಾತ್ರಿ ಪೊಲೀಸರು ನಿಂತಿರುವುದಿಲ್ಲ. ಅಲ್ಲಿ ಓಡಿಸುವವರ ಮನಸ್ಸೇ ಪೊಲೀಸ್ ಆಗಬೇಕು.

ನಾವೂ ಸುಮ್ಮನೆ ಬೈದರೆ ಆಗದು. ನಮ್ಮ ಕೈಯಲ್ಲಿ ಆಗುವುದನ್ನು ಮಾಡೋಣ. ಕತ್ತಲೆಯಲ್ಲಿ ನಡೆಯುವಾಗ ರಸ್ತೆಯ ಬಲಗಡೆ, ಎದುರಿನ ವಾಹನ ಕಾಣುವ ಹಾಗೆ ನಡೆಯೋಣ. ಬಿಳಿ ಬಟ್ಟೆ ಹಾಕೋಣ. ಸೈಕಲ್ಲಿನ ಹಿಂದೆ ಮುಂದೆ ಹೊಳೆಯುವ ಸ್ಟಿಕ್ಕರ್ ಅಂಟಿಸೋಣ. ನಮ್ಮ ಟಾರ್ಚನ್ನೂ ನೆಲಕ್ಕೇ ಹಿಡಿಯೋಣ, ಬೈಕಿನವರ ಮುಖಕ್ಕೆ ಬಿಡುವುದು ಬೇಡ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು. ಹೆಚ್ಚಿನ ಲೈಟು ಹಾಕಿಸಿಕೊಳ್ಳಿ, ಆದರೆ ತಗ್ಗಿಸಿ ಕಟ್ಟಿ, ಜನ ಕಂಡಾಗ ಆರಿಸಿ. ಬೆಳಕು ಹಾಕಿದವರದು ಮಾತ್ರ ಅಲ್ಲ, ಅದು ಯಾರ ಮೇಲೆ ಬೀಳುತ್ತದೋ ಅವರದೂ ಹೌದು.

ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಈ ಸಲದ ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಲು ನಮಗೆ ಅವಕಾಶ ಕೊಡಿಸಬೇಕು. ಊರಿನ ಎರಡೂ ತುದಿಯಲ್ಲಿ “ಇಲ್ಲಿ ಜನ ನಡೆಯುತ್ತಾರೆ, ದಯವಿಟ್ಟು ಲೈಟು ತಗ್ಗಿಸಿ” ಎಂಬ ಫಲಕ ಹಾಕಿಸಬೇಕು ಎಂದು ಪಂಚಾಯಿತಿಯನ್ನು ಕೇಳೋಣ. ಹಲಗೆ ಮತ್ತು ಬಣ್ಣ ಕೊಟ್ಟರೆ ಬರೆಯುವುದಕ್ಕೆ ನಮ್ಮ ಏಳನೇ ತರಗತಿಯವರು ತಯಾರಿದ್ದೇವೆ. ನಿಮಗೆ ಏನನ್ನಿಸುತ್ತದೆ ಎಂದು ಮುಂದಿನ ಸಂಚಿಕೆಗೆ ನೀವೂ ಬರೆಯಿರಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ