ಕೈಗೆ ಸಿಗದ ನಾಲ್ಕು ಪ್ಲಗ್ಗುಗಳು



ಕಾರಿನ ಬಾನೆಟ್ಟು ಎತ್ತಿದ ಕೂಡಲೇ ನಾವು ಹೆಂಗಸರು ಸಾಮಾನ್ಯವಾಗಿ ನೆರಳು ಹುಡುಕಿಕೊಂಡು ಹೋಗಿ ನಿಲ್ಲುತ್ತೇವೆ. ಮಾತುಕತೆಯೆಲ್ಲ ಮೆಕ್ಯಾನಿಕ್‌ಗೂ ಮನೆಯ ಯಜಮಾನರಿಗೂ. ಬಿಲ್ಲು ಬಂದ ಮೇಲೆ ಮಾತ್ರ ಅದು ನಮ್ಮ ತಿಂಗಳ ಲೆಕ್ಕದ ಪುಸ್ತಕಕ್ಕೆ ಬರುತ್ತದೆ. ಈ ಸಲ ಆ ಬಿಲ್ಲಿನ ಒಂದೇ ಒಂದು ಸಾಲಿನ ಬಗ್ಗೆ ಬರೆಯೋಣವೆಂದಿದ್ದೇನೆ: ‘ಸ್ಪಾರ್ಕ್ ಪ್ಲಗ್ ಬದಲಾವಣೆ’.

ಪ್ಲಗ್ಗಿನ ಕೆಲಸ ನಮ್ಮ ಗ್ಯಾಸ್ ಲೈಟರಿನ ಕೆಲಸವೇ. ಪೆಟ್ರೋಲು, ಗಾಳಿ ಬೆರೆತು ಸಿಲಿಂಡರಿನಲ್ಲಿ ಒತ್ತಿಕೊಂಡಾಗ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಕಿಡಿ ಹಾರುವ ಸಂದು ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು. ಹಾರಿ ಹಾರಿ ಲೋಹ ಸವೆಯುತ್ತದೆ, ಸಂದು ಅಗಲವಾಗುತ್ತದೆ, ಕಿಡಿ ತಪ್ಪತೊಡಗುತ್ತದೆ. ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆ ಹೋಗಿ, ದಾರಿಯಲ್ಲಿರುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಅಗ್ಗದ ವಸ್ತುವನ್ನು ಅಲಕ್ಷಿಸಿದರೆ ಬೆಲೆಯ ವಸ್ತುವಿಗೆ ಕುತ್ತು. ಬೆಂಗಳೂರಿನವರಿಗೆ ಪ್ಲಗ್ ಎಂದರೆ ಮೈಕೋ. 1951ರಲ್ಲಿ ಆರಂಭವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಮೈಕೋ ಲೇಔಟ್ ಮಾತ್ರ ಇಂದಿಗೂ ಹಳೆಯ ಹೆಸರನ್ನು ಉಳಿಸಿಕೊಂಡಿದೆ.

ಹಳೆಯ ಅಂಬಾಸಿಡರಿನಲ್ಲಿ ನಾಲ್ಕು ಪ್ಲಗ್ಗುಗಳು ಇಂಜಿನ್ನಿನ ಮಗ್ಗುಲಲ್ಲಿ ಸಾಲಾಗಿ ಕಾಣುತ್ತಿದ್ದವು. ಕೈಯಾಡಿಸಲು ಬೇಕಾದಷ್ಟು ಜಾಗ. ಕಾರುಗಳು ಚಿಕ್ಕವಾದಂತೆ ಇಂಜಿನ್ನಿನ ಕೋಣೆಯೂ ಇಕ್ಕಟ್ಟಾಯಿತು. 1984ರಿಂದ 2019ರವರೆಗೆ ತಯಾರಾದ ಮಾರುತಿ ವ್ಯಾನಿನಲ್ಲಿ, ಅಂದರೆ ನಮ್ಮ ಓಮ್ನಿಯಲ್ಲಿ, ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಪ್ಲಗ್ ಬೇಕೆಂದರೆ ಸೀಟು ಎತ್ತಬೇಕು. ಇನ್ನು 2003ರಿಂದ 2008ರವರೆಗೆ ನಮ್ಮಲ್ಲಿ ಮಾರಾಟವಾದ ಹೋಂಡಾ ಸಿಟಿಯ ‘ಐ-ಡಿಎಸ್‌ಐ’ ಇಂಜಿನ್ನಿಗೆ ಸಿಲಿಂಡರಿಗೆ ಎರಡರಂತೆ ಒಟ್ಟು ಎಂಟು ಪ್ಲಗ್ಗು. ಮುಂದಿನ ನಾಲ್ಕು ಕಣ್ಣೆದುರಿಗೇ ಇವೆ. ಹಿಂದಿನ ನಾಲ್ಕು ವೈಪರಿನ ತಟ್ಟೆಯ ಕೆಳಗೆ, ಗೋಡೆಗೆ ಅಂಟಿದಂತೆ ಅಡಗಿವೆ.

ನಮ್ಮ ಮನೆಯದು ಈ ಎಂಟು ಪ್ಲಗ್ಗಿನ ಕಾರು. ಕಳೆದ ಜನವರಿಯಲ್ಲಿ ಭೋರ್‌ಗೆ ಹೋಗಿ, ಸಿನಿಮಾದವರಿಗೆ ಪ್ರಿಯವಾದ ರಾಜವಾಡೆಯನ್ನು ನೋಡಿಕೊಂಡು, ವರಂಧ ಘಾಟಿನ ದಾರಿಯಾಗಿ ಮಹಾಡ್‌ಗೆ ಹೊರಟಿದ್ದೆವು. ನೀರಾ ದೇವಘರ್ ಜಲಾಶಯದ ಹತ್ತಿರ ಏರು ಬಂದಾಗ ಕಾರು ಬಿಕ್ಕಳಿಸತೊಡಗಿತು. ಮುಂದೆ ಕಿರಿದಾದ ಘಾಟು, ಹಿಂದೆ ಹಾರ್ನು ಹೊಡೆಯುವ ಟೆಂಪೊ, ಕಾರಿನೊಳಗೆ ಎಂಬತ್ತು ದಾಟಿದ ನಮ್ಮ ಅತ್ತೆ. ನಮ್ಮವರು ಮೆಲ್ಲನೆ ಗಾಡಿ ತಿರುಗಿಸಿ ಭೋರ್‌ಗೆ ವಾಪಸು ತಂದರು.

ಅಲ್ಲಿಯ ಮೆಕ್ಯಾನಿಕ್ ಹುಡುಗ ಪ್ಲಗ್ ಎಷ್ಟು ದಿನದ್ದೆಂದು ಕೇಳಿದ. ಪುಣೆಯ ಗ್ಯಾರೇಜೊಂದರಲ್ಲಿ ಎಂಟು ತಿಂಗಳ ಹಿಂದೆ ಎಂಟೂ ಬದಲಾಗಿದ್ದವು, ಬಿಲ್ಲು ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಅವನು ಅದನ್ನು ನೋಡಿ ನಕ್ಕು, “ಕಾಕೂ, ಬಿಲ್ಲಿನಲ್ಲಿ ಎಂಟು ಸರಿ, ಗಾಡಿಯಲ್ಲಿ ಎಷ್ಟೋ ನೋಡೋಣ” ಎಂದ.

ಅವನು ಮಾಡಿದ ರೀತಿ ಹೇಳುತ್ತೇನೆ ಕೇಳಿ. ಮೊದಲು, ಇಂಜಿನ್ ಆರುವ ತನಕ ಮುಟ್ಟಲೇ ಇಲ್ಲ. ಇಂಜಿನ್ನಿನ ತಲೆ ಅಲ್ಯುಮಿನಿಯಮ್ಮಿನದು. ಬಿಸಿಯಲ್ಲಿ ಪ್ಲಗ್ ತಿರುಚಿದರೆ ಮರೆ ಕಿತ್ತುಬರುವ ಭಯವಿದೆ. ಆಮೇಲೆ ವೈಪರುಗಳನ್ನೂ ತಟ್ಟೆಯನ್ನೂ ಬಿಚ್ಚಿದ. ಕಾಯಿಲ್‌ಗಳನ್ನು ಒಂದೊಂದಾಗಿ ಎತ್ತಿ, ಪ್ಲಗ್ಗಿನ ಗುಂಡಿಗಳಿಗೆ ಪಂಪಿನಿಂದ ಗಾಳಿ ಊದಿದ. ಹಾಗೆ ಊದದೆ ಪ್ಲಗ್ ತೆಗೆದರೆ ಕಲ್ಲುಧೂಳು ನೇರ ಸಿಲಿಂಡರಿಗೇ ಬೀಳುತ್ತದೆ. ಉದ್ದನೆಯ ಸರಳಿಗೆ ಅತ್ತಿತ್ತ ಬಾಗುವ ಕೀಲು ಜೋಡಿಸಿ, ಕಣ್ಣಿಗೆ ಕಾಣದ ಪ್ಲಗ್ಗನ್ನು ಬೆರಳ ಅಂದಾಜಿನಲ್ಲೇ ಸಡಿಲಿಸಿದ.

ಮುಂದಿನ ನಾಲ್ಕರ ತುದಿ ತಿಳಿಕಂದು ಬಣ್ಣ. ಅದು ಆರೋಗ್ಯದ ಲಕ್ಷಣ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ, ಎಣ್ಣೆ ಜಿಡ್ಡಿದ್ದರೆ ಇಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ, ಬೆಳ್ಳಗೆ ಸುಟ್ಟಂತಿದ್ದರೆ ಅತಿಯಾಗಿ ಕಾಯುತ್ತಿದೆ ಎಂದು ತಿಳಿಯಬೇಕು. ಹಿಂದಿನ ನಾಲ್ಕು ತುಕ್ಕು ಹಿಡಿದು, ತುದಿ ಸವೆದು ದುಂಡಾಗಿದ್ದವು. ಎಂಟು ತಿಂಗಳಲ್ಲ, ಎಷ್ಟೋ ವರ್ಷಗಳಿಂದ ಅವನ್ನು ಯಾರೂ ಮುಟ್ಟಿರಲಿಲ್ಲ. ಹಾಗಾದರೆ ಇಷ್ಟು ದಿನ ಗೊತ್ತಾಗಲಿಲ್ಲವೇಕೆ? ಒಂದು ಪ್ಲಗ್ ಸೋತರೆ ಜತೆಗಿದ್ದದ್ದು ಸಂಭಾಳಿಸುತ್ತದೆ. ಕೂಡುಕುಟುಂಬದಲ್ಲಿ ಒಬ್ಬ ಸೊಸೆ ಎಲ್ಲವನ್ನೂ ಹೊತ್ತುಕೊಂಡು ನಡೆಸುವ ಹಾಗೆ, ಏರು ಬರುವ ತನಕ ಯಾರಿಗೂ ತಿಳಿಯುವುದಿಲ್ಲ.

ಪೇಟೆಯಿಂದ ನಾಲ್ಕು ಹೊಸ ಪ್ಲಗ್ ತಂದು, ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಅದನ್ನು ಬೆರಳಿನಿಂದಲೇ ತಿರುಗಿಸುತ್ತ ಕೂರಿಸಿದ. ಮರೆ ಅಡ್ಡಡ್ಡ ಹಿಡಿದರೆ ರಬ್ಬರು ಜಾರುತ್ತದೆ, ಇಂಜಿನ್ನಿಗೆ ಪೆಟ್ಟಾಗುವುದಿಲ್ಲ. ಬೆರಳಿಗೆ ಬಿಗಿಯಾದ ಮೇಲೆ ಪಾನಾದಿಂದ ಅರ್ಧ ಸುತ್ತು, ಅಷ್ಟೆ.

ಮರುವಾರ ಆ ನಾಲ್ಕು ತುಕ್ಕಿನ ಪ್ಲಗ್ಗುಗಳನ್ನು ಬಿಲ್ಲಿನ ಜತೆ ಪುಣೆಯ ಗ್ಯಾರೇಜಿನ ಮೇಜಿನ ಮೇಲಿಟ್ಟೆ. ಮಾತಿಲ್ಲದೆ ಹಣ ವಾಪಸಾಯಿತು. ಹೊರಬರುವಾಗ ಅಲ್ಲಿಯ ಕೆಲಸದ ಹುಡುಗ ತಗ್ಗಿದ ದನಿಯಲ್ಲಿ, ಈ ಕೆಲಸಕ್ಕೆ ತನಗೆ ಕೊಡುವುದು ಅರ್ಧ ಗಂಟೆ ಎಂದ. ಭೋರ್‌ನಲ್ಲಿ ಹಿಂದಿನ ನಾಲ್ಕಕ್ಕೇ ಒಂದೂವರೆ ಗಂಟೆ ಹಿಡಿದಿತ್ತು! ಸುಲಭದ ಪ್ಲಗ್ಗಿಗೂ ಕಷ್ಟದ ಪ್ಲಗ್ಗಿಗೂ ಒಂದೇ ಕೂಲಿ, ಒಂದೇ ಹೊತ್ತು ಎಂದು ಗೊತ್ತುಮಾಡಿದರೆ ಕಷ್ಟದ್ದು ಹಾಗೆಯೇ ಉಳಿಯುತ್ತದೆ. ಹುಡುಗನ ಮೇಲಿನ ನನ್ನ ಸಿಟ್ಟು ಇಳಿಯಿತು. ಲೆಕ್ಕ ಬರೆದವರ ಮೇಲಿನದು ಇಳಿಯಲಿಲ್ಲ.

ಆದ್ದರಿಂದ ಗೆಳತಿಯರೇ, ನಿಮ್ಮ ಕಾರಿಗೆ ಪ್ಲಗ್ಗು ಎಷ್ಟು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಸಾಧಾರಣ ಪ್ಲಗ್ಗಿಗೂ ಇರಿಡಿಯಮ್ ಪ್ಲಗ್ಗಿಗೂ ಆಯುಸ್ಸಿನಲ್ಲಿ ಬಹಳ ಅಂತರವಿದೆ. ಗಾಡಿ ಬಿಡುವಾಗಲೇ “ಹಳೆಯವನ್ನೆಲ್ಲ ವಾಪಸು ಕೊಡಿ” ಎಂದು ಹೇಳಿ, ಬಂದಾಗ ಎಣಿಸಿಕೊಳ್ಳಿ. ಕೈ ಹೋಗದ ಜಾಗದ ಕೆಲಸಕ್ಕೆ ಕೂಲಿ ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ. ತರಕಾರಿಯನ್ನು ಆರಿಸಿ ಎಣಿಸಿ ತರುವ ನಮಗೆ ನಾಲ್ಕೋ ಎಂಟೋ ಪ್ಲಗ್ ಎಣಿಸುವುದು ಏನು ಮಹಾ?