ಕಡಲ ದಂಡೆಯ ಹೋಟೆಲು ಮತ್ತು ಮೀನಿನ ವಯಸ್ಸು

ಸಮುದ್ರ ಕಾಣುವ ಹೋಟೆಲಿನಲ್ಲಿ ತಟ್ಟೆಗೆ ಬಂದ ಮೀನು ತಾಜಾ ಆಗಿರಲೇಬೇಕು ಎಂದು ಘಟ್ಟದ ಮೇಲಿನವರು ನಂಬುತ್ತಾರೆ. ಬೆಂಗಳೂರಿನಿಂದ ಕೊಚ್ಚಿಗೋ ಕೋವಳಂಗೋ ಹೋದ ಕುಟುಂಬ ಊಟದ ಬಿಲ್ಲಿನಲ್ಲಿ ಆ ನಂಬಿಕೆಗೂ ಸೇರಿಸಿ ದುಡ್ಡು ಕೊಡುತ್ತದೆ. ಕರಾವಳಿಯವರು ಅವರನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ದಂಡೆಯ ವ್ಯಾಪಾರ ನಡೆಯುತ್ತಿರುವುದೇ ಅದರ ಮೇಲೆ.

ಈ ನಂಬಿಕೆಯನ್ನು ಒರೆಗೆ ಹಚ್ಚಲು ಕೊಚ್ಚಿಯ ವಲ್ಲಾರ್ಪಾಡಂಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಎರ್ನಾಕುಲಂನಿಂದ ಗೋಶ್ರೀ ಸೇತುವೆಗಳ ಮೇಲೆ ಹೊರಟರೆ ಬೋಳ್ಗಾಟಿ ದಾಟಿದ ಮೇಲೆ ಸಿಗುವ ದ್ವೀಪ ಇದು. ಇದರಾಚೆ ವೈಪಿನ್, ವೈಪಿನ್‌ನ ಆಚೆ ಅರಬ್ಬಿ ಸಮುದ್ರ. ದ್ವೀಪದಲ್ಲಿ ವಲ್ಲಾರ್ಪಾಡತ್ತಮ್ಮನ ಬೆಸಿಲಿಕಾ ಇದೆ. ಜೊತೆಗೆ 2011ರಲ್ಲಿ ಶುರುವಾದ ಕಂಟೇನರ್ ಟರ್ಮಿನಲ್ ಇದೆ. ಇಲ್ಲಿಂದ ಹಡಗು ಹತ್ತುವ ಸರಕಿನಲ್ಲಿ ಸಿಗಡಿ, ಬೊಂಡಾಸ್ ತುಂಬಿದ ಶೀತಲ ಕಂಟೇನರುಗಳೂ ಇರುತ್ತವೆ. ಕಡಲ ಮೀನು ಕಡಲ ದಂಡೆಯಲ್ಲೇ ಉಳಿಯುತ್ತದೆ ಎನ್ನುವವರು ಆ ಕಂಟೇನರುಗಳನ್ನು ಒಮ್ಮೆ ನೋಡಬೇಕು. ಬಂದರು ಇರುವುದು ಮೀನು ಮಾರುವುದಕ್ಕೆ. ಹರಾಜಿನಲ್ಲಿ ಹೆಚ್ಚು ಕೊಟ್ಟವನಿಗೆ ಮೀನು ಸಿಗುತ್ತದೆ, ಅವನ ಗಿರಾಕಿ ಪಕ್ಕದ ಬೀದಿಯಲ್ಲಿರಬಹುದು, ಸಾಗರದಾಚೆಯೂ ಇರಬಹುದು.

ಮೀನಿನ ವಯಸ್ಸನ್ನು ಎಲ್ಲಿಂದ ಎಣಿಸಬೇಕು ಎಂಬುದೇ ಮುಖ್ಯ ಪ್ರಶ್ನೆ. ಗಿರಾಕಿ ದಂಡೆಯಿಂದ ಎಣಿಸುತ್ತಾನೆ. ಎಣಿಸಬೇಕಾದ್ದು ಬಲೆಯಿಂದ. ಮುನಂಬಂ ಇರಲಿ, ಮಂಗಳೂರಿನ ದಕ್ಕೆ ಇರಲಿ, ಮಲ್ಪೆ ಇರಲಿ, ದೊಡ್ಡ ಟ್ರಾಲ್ ಬೋಟುಗಳು ಬೆಳಿಗ್ಗೆ ಹೋಗಿ ಸಂಜೆ ಬರುವಂಥವಲ್ಲ. ಐಸು, ಡೀಸೆಲ್, ಅಕ್ಕಿ ತುಂಬಿಕೊಂಡು ಹೋಗಿ ವಾರ, ಹತ್ತು ದಿನ ಕಡಲಲ್ಲೇ ಇರುತ್ತವೆ. ಮೊದಲ ದಿನ ಬಲೆಗೆ ಬಿದ್ದ ಮೀನೂ ಕೊನೆಯ ದಿನ ಬಿದ್ದ ಮೀನೂ ಒಂದೇ ಬೆಳಗ್ಗೆ ದಕ್ಕೆಯಲ್ಲಿ ಇಳಿಯುತ್ತವೆ, ಎರಡನ್ನೂ ‘ಇವತ್ತಿನ ಮೀನು’ ಎಂದೇ ಕರೆಯುತ್ತಾರೆ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್, ಲಾರಿಗೆ ಒಂದು ರಾತ್ರಿಯ ದಾರಿ. ಎಂಟು ದಿನ ಬೋಟಿನ ಹೊಟ್ಟೆಯಲ್ಲಿದ್ದ ಅಂಜಲ್‌ಗೆ ಆ ಒಂದು ರಾತ್ರಿಯಿಂದ ಆಗುವ ವ್ಯತ್ಯಾಸ ಎಷ್ಟು? ಕೊನೆಯ ದಿನ ಹಿಡಿದದ್ದು ರಸೆಲ್ ಮಾರ್ಕೆಟ್ಟಿಗೆ ಹೋಗಿ ಮೊದಲ ದಿನದ್ದು ದಂಡೆಯ ಹೋಟೆಲಿಗೆ ಹೋದರೆ, ಬೆಂಗಳೂರಿನವನೇ ಹೆಚ್ಚು ತಾಜಾ ಮೀನು ತಿಂದಂತೆ.

ಹಾಗೆಂದು ಎಂಟು ದಿನದ ಮೀನು ಕೆಟ್ಟದ್ದು ಎಂದೇನೂ ಅಲ್ಲ. ಬಲೆಯಿಂದ ತೆಗೆದ ಕೂಡಲೇ ಸಾಕಷ್ಟು ಐಸಿನಲ್ಲಿ ಮುಳುಗಿದ ಮೀನು ವಾರ ದಾಟಿದರೂ ಚೆನ್ನಾಗಿಯೇ ಇರುತ್ತದೆ. ನಮ್ಮ ಬಿಸಿಲಿಗೆ ಐಸಿಲ್ಲದೆ ಬಿದ್ದ ಮೀನು ಅದೇ ಸಂಜೆಗೆ ಕೆಡುತ್ತದೆ. ಬಂಗುಡೆ, ಕೇದರದಂಥ ಮೀನು ಬೆಚ್ಚಗೆ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಮೇಲೆ ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಕೆಂಪಗೆ ಮಸಾಲೆ ಮೆತ್ತಿದ ತವಾ ಫ್ರೈ ಎಷ್ಟನ್ನೋ ಮುಚ್ಚಿಹಾಕಬಲ್ಲದು, ಇದನ್ನು ಮಾತ್ರ ಹೊಟ್ಟೆ ಕಂಡುಹಿಡಿಯುತ್ತದೆ. ಐಸಿನ ಲೆಕ್ಕ ತಪ್ಪಿದರೆ ದಡದಿಂದ ನೂರು ಗಜ ದೂರದಲ್ಲಿರುವುದರಿಂದ ಏನೂ ಉಪಯೋಗವಿಲ್ಲ.

ಸಮೀಪಕ್ಕೆ ಬೆಲೆಯೇ ಇಲ್ಲವೆ? ಇದೆ, ಅದೂ ಅಗ್ಗದ ಮೀನಿಗೆ. ಮಂಗಳೂರಿನವರ ಬೂತಾಯಿ, ಮಲಯಾಳಿಗಳ ಮತ್ತಿ, ಕಾರವಾರದವರ ತಾರ್ಲೆ, ಹೆಸರು ಮೂರಾದರೂ ಮೀನು ಒಂದೇ. ಮೈತುಂಬ ಎಣ್ಣೆ, ಮೆತ್ತಗಿನ ಹೊಟ್ಟೆ, ಬೇಗ ಕಮಟುವ ಜಾತಿ. ಬೆಳಿಗ್ಗೆ ಹೊರಟು ಅದೇ ದಿನ ಮರಳುವ ದೋಣಿಗಳು ತರುವುದೂ ಹೆಚ್ಚಾಗಿ ಇದನ್ನೇ. ನೆತ್ತೋಲಿಯ ಕತೆಯೂ ಅಷ್ಟೆ. ವಿಳಿಞಂನ ಬಂಡೆಗಳಿಂದ ಮುಳುಗಿ ಕಿತ್ತು ತರುವ ಚಿಪ್ಪಿಯೂ ದೂರದ ಪ್ರಯಾಣಕ್ಕೆ ಆಗುವಂಥದ್ದಲ್ಲ. ಇವನ್ನು ದಡದಲ್ಲಿ ತಿನ್ನುವ ಸುಖ ನೂರಾರು ಕಿಲೋಮೀಟರ್ ಒಳಗೆ ಸಿಗದು.

ಪ್ರವಾಸಿ ಆರ್ಡರ್ ಮಾಡುವುದು ಮಾತ್ರ ಇವನ್ನಲ್ಲ. ಅವನಿಗೆ ಬೇಕಾದ್ದು ಜಂಬೋ ಸಿಗಡಿ, ಕರಿಮೀನ್ ಪೊಳ್ಳಿಚ್ಚದ್, ನೆಯ್ಮೀನ್. ಹೋಟೆಲಿನ ಸಿಗಡಿ ಬಹಳ ಸಲ ವನ್ನಾಮಿ ಎಂಬ ಸಾಕಿದ ಜಾತಿಯದು, ಭಾರತದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವುದು ಆಂಧ್ರದ ಕೊಳಗಳಲ್ಲಿ. ಕರಿಮೀನ್ ಕೇರಳದ ರಾಜ್ಯಮೀನು ನಿಜ, ಆದರೆ ಅದು ಹಿನ್ನೀರಿನದು, ಕಡಲಿನದಲ್ಲ. ಆಂಧ್ರದಿಂದಲೂ ಕೇರಳಕ್ಕೆ ಬರುತ್ತದೆ. ಅಲೆಗಳನ್ನು ನೋಡುತ್ತ, ರಸ್ತೆಯಲ್ಲಿ ಬಂದ ಕೊಳದ ಮೀನನ್ನು ತಿಂದು ‘ಎಷ್ಟು ಫ್ರೆಶ್’ ಎನ್ನುವುದರಲ್ಲಿ ಯಾರ ಮೋಸವೂ ಇಲ್ಲ. ಫೋರ್ಟ್ ಕೊಚ್ಚಿಯ ಚೀನೀ ಬಲೆಗಳ ಪಕ್ಕದ ಅಂಗಡಿಗಳಲ್ಲಿ ಜೋಡಿಸಿಟ್ಟ ಮೀನೆಲ್ಲ ಆ ಬಲೆಗೇ ಬಿದ್ದದ್ದು ಎಂದು ಯಾರೂ ಹೇಳಿಲ್ಲ, ನೋಡಿದವರು ಹಾಗೆಂದುಕೊಂಡರು ಅಷ್ಟೆ.

ಮಳೆಗಾಲದಲ್ಲಿ ಈ ತಪ್ಪು ಎಣಿಕೆ ಅಪಾಯಕ್ಕೂ ಎಡೆಯಾಗುತ್ತದೆ. ಕರ್ನಾಟಕದಲ್ಲಿ ಜೂನ್, ಜುಲೈ ಪೂರ್ತಿ 61 ದಿನ, ಕೇರಳದಲ್ಲಿ 52 ದಿನ ಟ್ರಾಲ್ ಬೋಟುಗಳಿಗೆ ರಜೆ. ನಾಡದೋಣಿಗಳು ತರುವಷ್ಟು ಮೀನಿನಲ್ಲಿ ಹೋಟೆಲುಗಳ ಇಡೀ ಮೆನು ನಡೆಯುವುದಿಲ್ಲ. ಕೊರತೆ ತುಂಬಲು ಲಾರಿಗಳು ಹೊರರಾಜ್ಯಗಳಿಂದ ಬರುತ್ತವೆ. 2018ರ ಜೂನಿನಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ‘ಆಪರೇಷನ್ ಸಾಗರ್ ರಾಣಿ’ ಹೆಸರಿನಲ್ಲಿ ಆರ್ಯಂಕಾವು, ವಾಳಯಾರ್ ಚೆಕ್‌ಪೋಸ್ಟುಗಳಲ್ಲಿ ತಡೆದು ನೋಡಿದಾಗ ಫಾರ್ಮಲಿನ್ ಹಾಕಿದ ಮೀನು ಸಾವಿರಾರು ಕಿಲೋ ಸಿಕ್ಕಿತು. ಹೆಣ ಕೆಡದಂತೆ ಇಡಲು ಬಳಸುವ ರಾಸಾಯನಿಕ ಅದು. ಮರುತಿಂಗಳು ಗೋವಾ ಹೊರರಾಜ್ಯದ ಮೀನನ್ನೇ ಕೆಲಕಾಲ ನಿಷೇಧಿಸಿತು. ಸಮುದ್ರವೇ ಅಂಗಳದಲ್ಲಿರುವ ರಾಜ್ಯಗಳ ಪಾಡು ಇದು. ಕೊಚ್ಚಿಯಲ್ಲೇ ಇರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಫಾರ್ಮಲಿನ್ ಪತ್ತೆಗೆ ಕಾಗದದ ಪಟ್ಟಿಯ ಕಿಟ್ ರೂಪಿಸಿದೆ, ಬಣ್ಣ ನೋಡಿ ಕೆಲವೇ ನಿಮಿಷದಲ್ಲಿ ಹೇಳಬಹುದು. ಹೋಟೆಲಿನ ಮೇಜಿನವರೆಗೆ ಅದು ಬಂದದ್ದು ಕಾಣೆ.

2025ರ ಮೇ ತಿಂಗಳಲ್ಲಿ ಇದೇ ನಂಬಿಕೆ ತಲೆಕೆಳಗಾಯಿತು. ತಿರುವನಂತಪುರದ ವಿಳಿಞಂ ಬಂದರಿನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳ ಸಮೇತ ಕೊಚ್ಚಿಯಾಚೆ ಮುಳುಗಿತು. ಪ್ಲಾಸ್ಟಿಕ್ ಮಣಿಗಳು ತಿರುವನಂತಪುರದ ಮರಳಿನವರೆಗೂ ಬಂದು ಬಿದ್ದವು. ಜನ ಮೀನು ಕೊಳ್ಳಲು ಹೆದರಿದರು. ನಿನ್ನೆಯವರೆಗೆ ಸಮುದ್ರದ ಹತ್ತಿರವಿದೆ ಎಂದು ಕೊಂಡ ಮೀನನ್ನು ಈಗ ಅದೇ ಕಾರಣಕ್ಕೆ ಬಿಟ್ಟರು. ದಿನದ ದೋಣಿಯವನ ಮತ್ತಿ ಯಾವ ಕಡೆಯ ನೀರಿನದು ಎಂದು ಕೇಳುವ ವ್ಯವಸ್ಥೆಯೇ ಇರಲಿಲ್ಲವಾದ್ದರಿಂದ ಹೊಡೆತ ಮೊದಲು ಬಿದ್ದದ್ದು ಅವನ ಮೇಲೆ.

ಆದರೆ ಅಂಥ ವ್ಯವಸ್ಥೆಯೊಂದು ಈ ದೇಶದಲ್ಲೇ ಇದೆ! ಕಡಲಲ್ಲಿ ಹಿಡಿದ ಬೊಂಡಾಸ್ ಯುರೋಪಿಗೆ ಹೋಗಬೇಕಾದರೆ ಜೊತೆಗೆ ಹಿಡುವಳಿ ಪ್ರಮಾಣಪತ್ರ ಇರಲೇಬೇಕು. 2010ರಿಂದ ಅಲ್ಲಿನ ನಿಯಮ ಅದು. ಯಾವ ಬೋಟು, ಯಾವ ನೀರು ಎಂಬುದೆಲ್ಲ ಅದರಲ್ಲಿರುತ್ತದೆ. ಭಾರತದಲ್ಲಿ ಅದಕ್ಕೆ ಮುದ್ರೆ ಒತ್ತುವುದು ಕೊಚ್ಚಿಯಲ್ಲೇ ಕೇಂದ್ರ ಕಚೇರಿ ಇರುವ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ. ಸಾವಿರಾರು ಮೈಲಿ ದೂರದ ಗಿರಾಕಿಗಾಗಿ ಬರೆದಿಡುವ ಮಾಹಿತಿ, ಸೇತುವೆಯ ಈಚೆ ಬದಿಯಲ್ಲಿ ಊಟಕ್ಕೆ ಕೂತವನಿಗೆ ಸಿಗುವುದಿಲ್ಲ.

ಸಣ್ಣ ಹೋಟೆಲಿನವನಿಗೆ ಇಂಥ ಕಾಗದಪತ್ರದ ಹೊರೆ ಬೇಡ ಎಂಬ ಮಾತು ನ್ಯಾಯವೇ. 2022ರ ಜುಲೈಯಿಂದ ದೊಡ್ಡ ಹೋಟೆಲ್ ಸರಣಿಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಲೇಬೇಕಾಗಿದೆ. ಅವರು ಮೀನು ಇಳಿದ ದಿನ, ದಿನದ ದೋಣಿಯೋ ವಾರದ ಬೋಟೋ, ಕಡಲೋ ಕೊಳವೋ ಎಂದೂ ಬರೆಯಲಿ. ಉಳಿದವರಿಗೆ ಒಂದು ಕರಿಹಲಗೆ, ಒಂದು ಚೂರು ಸೀಮೆಸುಣ್ಣ ಸಾಕು. ಕೇರಳದ, ನಮ್ಮ ಕರಾವಳಿಯ ಎಷ್ಟೋ ಊಟದ ಹೋಟೆಲುಗಳಲ್ಲಿ ಬಡಿಸುವವನು ಈಗಲೂ ಬಾಯಲ್ಲೇ ಇದನ್ನು ಮಾಡುತ್ತಾನೆ. ‘ಬಂಗುಡೆ ಇವತ್ತು ಬರಲಿಲ್ಲ, ಬೂತಾಯಿ ಇದೆ’ ಎನ್ನುತ್ತಾನೆ. ವರ್ಷದ 365 ದಿನವೂ ಇಪ್ಪತ್ತು ಬಗೆಯ ಮೀನನ್ನು ಒಂದೇ ದರದಲ್ಲಿ ಅಚ್ಚು ಹಾಕಿಸಿ ಲ್ಯಾಮಿನೇಟ್ ಮಾಡಿಟ್ಟ ಮೆನು, ಅದೆಷ್ಟೇ ಹತ್ತಿರದಲ್ಲಿ ಅಲೆ ಬಡಿಯುತ್ತಿದ್ದರೂ, ಫ್ರೀಜರಿನ ಪಟ್ಟಿ.