ಕೊಂಡ ಪ್ರಾಜೆಕ್ಟ್, ಕಟ್ಟಿದ ಹಡಗು

ಕಳೆದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಪರೀಕ್ಷಕರು ನಮ್ಮ ಅಡಿಕೆ ಸುಲಿಯುವ ಯಂತ್ರದ ಮಾದರಿಯನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: 'ಈ ಶಾಫ್ಟ್ 20 ಮಿಲಿಮೀಟರೇ ಯಾಕೆ? 16 ಯಾಕಲ್ಲ, 25 ಯಾಕಲ್ಲ?'

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿಜವಾದ ಉತ್ತರ ನಮಗೆಲ್ಲ ಗೊತ್ತಿತ್ತು. ಆ ಮಾದರಿಯನ್ನು ನಾವು ಮಾಡಿರಲಿಲ್ಲ. ತಲಾ ಎರಡೂವರೆ ಸಾವಿರ ಹಾಕಿ, ವರದಿಯ ಸಮೇತ ಅಂಗಡಿಯಿಂದ ತಂದಿದ್ದೆವು. ಪರೀಕ್ಷಕರು ಹೆಚ್ಚು ಕೆದಕಲಿಲ್ಲ. ಅಂಕವೂ ಚೆನ್ನಾಗಿಯೇ ಬಂತು. ಆದರೆ ಫೋಟೊ ನೋಡಿದ ಅಪ್ಪ, 'ಇದು ಎಷ್ಟು ಅಡಿಕೆ ಸುಲಿಯುತ್ತೆ ಮಾರಾಯ, ಗಂಟೆಗೆ?' ಅಂತ ಕೇಳಿದಾಗ ನನ್ನ ಬಾಯಿ ಕಟ್ಟಿತು. ನೆಮ್ಮಾರಿನಲ್ಲಿ ಹುಟ್ಟಿ, ಮೆಟ್ಟುಗತ್ತಿಯ ಸದ್ದು ಕೇಳುತ್ತಾ ಬೆಳೆದವನು ಅಡಿಕೆ ಸುಲಿಯುವ ಯಂತ್ರವನ್ನು ಪೇಟೆಯ ಅಂಗಡಿಯಿಂದ ಕೊಂಡು ತಂದಿದ್ದೆ.

ಈಗ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಆರಿಸಬೇಕು. ನಮ್ಮ ತಂಡದ ಮೂವರು ಮತ್ತೆ ಕೊಳ್ಳೋಣ ಅನ್ನುತ್ತಿದ್ದಾರೆ. ನಾನು ಬೇಡ ಅನ್ನುತ್ತಿದ್ದೇನೆ. ಯಾಕೆ ಬೇಡ ಎಂದು ಅವರಿಗೆ ಹೇಳಲು ಹೊರಟು ಈ ಲೇಖನ ಬರೆಯುವಂತಾಯಿತು. ನನ್ನ ವಾದ ಶುರುವಾಗುವುದು ಕಾರವಾರದಿಂದ.

ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋಗಿದ್ದಾಗ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಎಲ್ಲರೂ ಮಾಡುವಂತೆ ನಾವೂ ಐಎನ್‌ಎಸ್ ಚಪಲ್ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡೆವು. ಸುಮಾರು 39 ಮೀಟರ್ ಉದ್ದದ ಈ ಕ್ಷಿಪಣಿ ದೋಣಿ 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾಯಿತು, ಈಗ ವಸ್ತುಸಂಗ್ರಹಾಲಯ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಬಳಿ ಪಾಕಿಸ್ತಾನದ ಡೆಸ್ಟ್ರಾಯರ್ ಖೈಬರ್ ಅನ್ನು ಮುಳುಗಿಸಿದ್ದು ಇದೇ ಜಾತಿಯ ಪುಟ್ಟ ದೋಣಿ, ಐಎನ್‌ಎಸ್ ನಿರ್ಘಾತ್. ಇಷ್ಟು ಚಿಕ್ಕದು ಅಷ್ಟು ದೊಡ್ಡದನ್ನು ಹೇಗೆ ಮುಳುಗಿಸಿತು ಎಂಬ ಕುತೂಹಲದಿಂದ ಓದಲು ಕೂತೆ. ಆಗ ಗೊತ್ತಾದದ್ದು, ಡೆಸ್ಟ್ರಾಯರ್ ಎಂಬ ಹಡಗು ಹುಟ್ಟಿದ್ದೇ ಇಂಥ ಪುಟ್ಟ ದೋಣಿಗಳನ್ನು ಅಟ್ಟಲು ಎಂದು. 19ನೇ ಶತಮಾನದ ಕೊನೆಯಲ್ಲಿ ಟಾರ್ಪೆಡೊ ಹೊತ್ತ ಸಣ್ಣ ದೋಣಿಗಳು ದೊಡ್ಡ ಯುದ್ಧನೌಕೆಗಳ ನಿದ್ದೆಗೆಡಿಸಿದ್ದವು. ಅವುಗಳ ಬೆನ್ನಟ್ಟಲು ಮಾಡಿದ ವೇಗದ ಹಡಗಿನ ಪೂರ್ಣ ಹೆಸರು 'ಟಾರ್ಪೆಡೊ ಬೋಟ್ ಡೆಸ್ಟ್ರಾಯರ್'. ಕಾಲಕ್ರಮದಲ್ಲಿ ಹೆಸರಿನ ಬಾಲ ಮಾತ್ರ ಉಳಿಯಿತು.

ಇದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅಮೆರಿಕದ ಕತೆ. ಅದು ಗೆಲುವಿನ ಕತೆಗಿಂತ ಹೆಚ್ಚಾಗಿ ತಪ್ಪುಗಳ ಕತೆ.

1898ರಲ್ಲಿ ಅಮೆರಿಕದ ಕಾಂಗ್ರೆಸ್ 16 ಡೆಸ್ಟ್ರಾಯರ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಮೊದಲನೆಯದಾದ ಬೈನ್‌ಬ್ರಿಜ್ 1902ರಲ್ಲಿ ಸೇವೆಗೆ ಬಂತು. ತೂಕ ಸುಮಾರು 420 ಟನ್, ಉದ್ದ 250 ಅಡಿ, ಕಲ್ಲಿದ್ದಲು ಉರಿಸಿ ಓಡುವ ಪಿಸ್ಟನ್ ಉಗಿ ಎಂಜಿನ್. ವೇಗವೇನೋ 28 ನಾಟ್ ದಾಟುತ್ತಿತ್ತು, ಆದರೆ ತೆರೆದ ಸಾಗರಕ್ಕೆ ಅದು ಚಿಕ್ಕದಾಯಿತು. ಮುಂದೆ 1909ರ ಹೊತ್ತಿಗೆ ಬಂದ ಸ್ಮಿತ್ ವರ್ಗದ ಹಡಗುಗಳು 700 ಟನ್ ಆದವು, ಪಿಸ್ಟನ್ ಎಂಜಿನ್ ಜಾಗಕ್ಕೆ ಟರ್ಬೈನ್ ಬಂತು, ಕಲ್ಲಿದ್ದಲು ಮಾತ್ರ ಹಾಗೆಯೇ ಉಳಿಯಿತು. ಅದರ ಮುಂದಿನ ಪಾಲ್ಡಿಂಗ್ ವರ್ಗದಲ್ಲಿ ಕಲ್ಲಿದ್ದಲು ಹೋಗಿ ತೈಲ ಬಂತು. ಸಲಿಕೆಯಲ್ಲಿ ಎತ್ತಿ ಹಾಕುವ ಇಂಧನ ಹೋಗಿ ಕೊಳವೆಯಲ್ಲಿ ಹರಿಯುವ ಇಂಧನ ಬಂದರೆ ಏನಾಗುತ್ತದೆ ಎಂಬುದು ಥರ್ಮೊಡೈನಾಮಿಕ್ಸ್ ಓದಿದವರಿಗೆ ಮಾತ್ರವಲ್ಲ, ಬಚ್ಚಲೊಲೆಗೆ ಸೌದೆ ಹಾಕಿದವರಿಗೂ ಅರ್ಥವಾಗುತ್ತದೆ.

ಮತ್ತೆ ಹಡಗು ಬೆಳೆದು ಸಾವಿರ ಟನ್ ಆಯಿತು. ಆಗ ಇನ್ನೊಂದು ತೊಂದರೆ ಕಂಡಿತು. ಅಲೆ ತಡೆಯಲೆಂದು ಹಡಗಿನ ಮುಂಭಾಗವನ್ನು ಎತ್ತರಿಸಿ ಕಟ್ಟುತ್ತಿದ್ದರು. ಆ ಎತ್ತರ ಮುಗಿದು ಡೆಕ್ ತಟ್ಟನೆ ಇಳಿಯುವ ಜಾಗದಲ್ಲಿ ಒಡಲು ದುರ್ಬಲವಾಗುತ್ತಿತ್ತು. ಅಡ್ಡಕೊಯ್ತ ತಟ್ಟನೆ ಬದಲಾದ ಕಡೆ ಸ್ಟ್ರೆಸ್ ಒಟ್ಟಾಗುತ್ತದೆ ಎಂದು ನಾವು ನಾಲ್ಕು ಅಂಕಕ್ಕೆ ಬರೆಯುವ ಉತ್ತರ ಇದೇ. ಹಾಗಾಗಿ ಮೂತಿಯಿಂದ ಹಿಂಬದಿಯವರೆಗೆ ಒಂದೇ ಸಮನಾದ ಡೆಕ್ ಇರುವ, ನಾಲ್ಕು ಚಿಮಣಿಯ ಮಾದರಿ ಬಂತು. ಕಾಲ್ಡ್‌ವೆಲ್ ವರ್ಗದಲ್ಲಿ 6, ವಿಕ್ಸ್ ವರ್ಗದಲ್ಲಿ 111, ಕ್ಲೆಮ್ಸನ್ ವರ್ಗದಲ್ಲಿ 156, ಒಟ್ಟು 273 ಹಡಗು. ಹೆಚ್ಚಿನವಕ್ಕೆ 35 ನಾಟ್ ವೇಗ, ನಾಲ್ಕು ಅಂಗುಲದ ನಾಲ್ಕು ತೋಪು, 12 ಟಾರ್ಪೆಡೊ ಕೊಳವೆ. ಮೊದಲ ಮಹಾಯುದ್ಧದ ಅವಸರದಲ್ಲಿ ವಾರ್ಡ್ ಎಂಬ ಹಡಗನ್ನು 1918ರ ಮೇ 15ರಂದು ಕಟ್ಟಲು ತೊಡಗಿ ಜೂನ್ 1ಕ್ಕೆ ನೀರಿಗೆ ಇಳಿಸಿದರು!

ಹಾಗಂತ ಇವು ದೋಷವಿಲ್ಲದ ಹಡಗುಗಳಾಗಿರಲಿಲ್ಲ. ಹಿಂಭಾಗದ ಕಿರಿದಾದ ಆಕಾರದಿಂದಾಗಿ ತಿರುಗಲು ಬಹಳ ಜಾಗ ಬೇಕಿತ್ತು. ವಿಕ್ಸ್ ವರ್ಗದ ಹಡಗುಗಳು ದೂರದ ಪಯಣಕ್ಕೆ ಇಂಧನ ಸಾಲದೆ ಒದ್ದಾಡಿದವು, ಆದ್ದರಿಂದ ಕ್ಲೆಮ್ಸನ್‌ಗೆ ದೊಡ್ಡ ಟ್ಯಾಂಕ್ ಕೊಟ್ಟರು. ಯಾರೋ ಬಾಯ್ಲರ್ ಹಾಕಿದ್ದ ಸುಮಾರು 60 ಹಡಗುಗಳ ಬಾಯ್ಲರ್ ಎಷ್ಟು ಬೇಗ ಸವೆಯಿತೆಂದರೆ, 1930ರ ಹೊತ್ತಿಗೆ ಅವನ್ನು ಗುಜರಿಗೆ ಕಳಿಸಬೇಕಾಯಿತು. (ಇಲ್ಲಿ 'ಯಾರೋ' ಎಂದರೆ ಯಾರೋ ಒಬ್ಬರಲ್ಲ, ಯಾರೋ ಎಂಬುದೇ ಆ ಬಾಯ್ಲರಿನ ಹೆಸರು!) ಇನ್ನೂ ದೊಡ್ಡ ವ್ಯಂಗ್ಯವೆಂದರೆ, 273ರಲ್ಲಿ ಹೆಚ್ಚಿನವು ಮುಗಿಯುವಷ್ಟರಲ್ಲಿ ಯುದ್ಧವೇ ಮುಗಿದಿತ್ತು.

ಆದರೂ ಅವು ವ್ಯರ್ಥವಾಗಲಿಲ್ಲ. 1940ರ ಸೆಪ್ಟೆಂಬರಿನಲ್ಲಿ, ಹಿಟ್ಲರನ ಜಲಾಂತರ್ಗಾಮಿಗಳಿಂದ ಬ್ರಿಟನ್ ತತ್ತರಿಸುತ್ತಿದ್ದಾಗ, ನೆಲೆಗಳ 99 ವರ್ಷದ ಗುತ್ತಿಗೆಗೆ ಬದಲಾಗಿ ಅಮೆರಿಕ ಕೊಟ್ಟದ್ದು ಇಂಥ 50 ಹಳೆಯ ಹಡಗುಗಳನ್ನು. ಹದಿನೇಳು ದಿನದಲ್ಲಿ ನೀರಿಗಿಳಿದಿದ್ದ ಅದೇ ವಾರ್ಡ್ 1941ರ ಡಿಸೆಂಬರ್ 7ರ ಬೆಳಗ್ಗೆ ಪರ್ಲ್ ಹಾರ್ಬರ್ ಬಾಯಲ್ಲಿ ಜಪಾನಿನ ಕಿರು ಜಲಾಂತರ್ಗಾಮಿಯನ್ನು ಮುಳುಗಿಸಿತು. ಆಮೇಲೆ ಅದರ ಎರಡು ಬಾಯ್ಲರ್ ಕಿತ್ತು, ಆ ಜಾಗದಲ್ಲಿ ಸೈನಿಕರನ್ನು ಸಾಗಿಸಿದರು. ಹಡಗಿನ ಒಳಗು ಗೊತ್ತಿದ್ದವರಿಗೆ ಮಾತ್ರ ಯಾವುದನ್ನು ಕಿತ್ತರೆ ಏನಾಗುತ್ತದೆ ಎಂದು ಗೊತ್ತಿರುತ್ತದೆ.

'ಅದು ಅಮೆರಿಕ, ದುಡ್ಡಿದೆ, ನಮ್ಮ ಕತೆ ಬೇರೆ' ಅನ್ನುತ್ತಾನೆ ನನ್ನ ಗೆಳೆಯ. ಸರಿ, ನಮ್ಮ ಕತೆಗೇ ಬರೋಣ. ನಮ್ಮ ರಾಜ್ಯದ ಹೆಸರು ಹೊತ್ತ ಹಡಗಿನ ಕತೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾವೂ ಹಳೆಯ ಹಡಗು ಕೊಂಡವರೇ. 1949ರಲ್ಲಿ ಬ್ರಿಟನ್ನಿನಿಂದ ಮೂರು ಡೆಸ್ಟ್ರಾಯರ್ ಬಂದವು. ಅವೇ ರಜಪೂತ್, ರಂಜಿತ್, ರಾಣಾ. 1957ರಲ್ಲಿ ಬಂದ ಐಎನ್‌ಎಸ್ ಮೈಸೂರು ಕೂಡ ಬ್ರಿಟಿಷರು ಎರಡನೇ ಮಹಾಯುದ್ಧದಲ್ಲಿ ಬಳಸಿದ ನೈಜೀರಿಯಾ ಎಂಬ ಕ್ರೂಸರ್. 1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಮುಂದಾಳು ಹಡಗಾಗಿತ್ತು. 1985ರಲ್ಲಿ ನಿವೃತ್ತಿಯಾಯಿತು.

ಹದಿನಾಲ್ಕು ವರ್ಷದ ನಂತರ, 1999ರ ಜೂನ್ 2ರಂದು, ಅದೇ ಹೆಸರಿನ ಹೊಸ ಹಡಗು ಸೇವೆಗೆ ಬಂತು. ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಉದ್ದ 163 ಮೀಟರ್. ಈ ಸಲ ಅದು ಕೊಂಡದ್ದಲ್ಲ. ನಮ್ಮ ನೌಕಾಪಡೆಯ ವಿನ್ಯಾಸಕಾರರೇ ರೂಪಿಸಿ, ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ದೆಹಲಿ ವರ್ಗದ ಡೆಸ್ಟ್ರಾಯರ್.

ಈ ಎರಡು 'ಮೈಸೂರು'ಗಳ ನಡುವೆ ಏನಾಯಿತು ಎಂಬುದೇ ನನ್ನ ಮಾತಿನ ತಿರುಳು. 1972ರಲ್ಲಿ ಸೇವೆಗೆ ಬಂದ ನೀಲಗಿರಿ ಎಂಬ ಫ್ರಿಗೇಟ್ ಅನ್ನು ಮಜಗಾಂವ್‌ನಲ್ಲಿ ಕಟ್ಟಿದರು, ಆದರೆ ನಕ್ಷೆ ಬ್ರಿಟಿಷರದ್ದು. ಅದೇ ನಕ್ಷೆಯಲ್ಲಿ ಆರು ಹಡಗು ಕಟ್ಟಿದರು. ಕಟ್ಟುತ್ತಾ ಕಟ್ಟುತ್ತಾ ಕೊನೆಯ ಎರಡರಲ್ಲಿ ತಮಗೆ ಬೇಕಾದ ದೊಡ್ಡ ಬದಲಾವಣೆ ಮಾಡಿಕೊಂಡರು. ಆ ಅನುಭವದ ಮೇಲೆ 1983ರಲ್ಲಿ ಗೋದಾವರಿ ಬಂತು, ಭಾರತದಲ್ಲೇ ವಿನ್ಯಾಸಗೊಂಡ ಫ್ರಿಗೇಟ್. ಅದರ ಮುಂದೆ 1997ರಲ್ಲಿ ದೆಹಲಿ, 1999ರಲ್ಲಿ ಮೈಸೂರು. ಆ ಯೋಜನೆಗೆ 'ಪ್ರಾಜೆಕ್ಟ್ 15' ಎಂದು ಹೆಸರು. ಮುಂದೆ 15ಎ ಎಂದು ಕೋಲ್ಕತ್ತ ವರ್ಗ, 15ಬಿ ಎಂದು ವಿಶಾಖಪಟ್ಟಣ ವರ್ಗ ಬಂದವು. ಪ್ರತಿ ಹಡಗೂ ಅದರ ಮುಂದಿನದಕ್ಕೆ ಪಾಠದ ಪುಸ್ತಕ.

ಅಂದರೆ ಕೊಳ್ಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುತ್ತಾ ಕೂರಲಾಗದು. 1940ರಲ್ಲಿ ಬ್ರಿಟನ್ನಿಗೂ, 1949ರಲ್ಲಿ ನಮಗೂ ಬೇರೆ ದಾರಿ ಇರಲಿಲ್ಲ. ಆದರೆ ಕೊಂಡದ್ದನ್ನು ಬಿಚ್ಚಿ, ತಿಳಿದು, ಮುಂದಿನದನ್ನು ನಾವೇ ಮಾಡಲು ಕೊಳ್ಳುವುದು ಒಂದು. ಬೈಂಡ್ ಮಾಡಿಸಿ, ಸಹಿ ಹಾಕಿಸಿ, ಮೂಲೆಗೆ ಎಸೆಯಲು ಕೊಳ್ಳುವುದು ಇನ್ನೊಂದು. ನಾವು ಮಾಡಿದ್ದು ಎರಡನೆಯದು.

ಗೆಳೆಯರ ಇನ್ನೊಂದು ವಾದವೂ ಸುಳ್ಳಲ್ಲ. 'ಪ್ಲೇಸ್‌ಮೆಂಟಿಗೆ ಬರುವವರೆಲ್ಲ ಸಾಫ್ಟ್‌ವೇರ್ ಕಂಪನಿಯವರು. ಮೆಕ್ಯಾನಿಕಲ್ ಪ್ರಾಜೆಕ್ಟಿಗೆ ಆರು ತಿಂಗಳು ಸುರಿಯುವ ಬದಲು ಕೋಡಿಂಗ್ ಕಲಿಯಬಾರದೇ?' ಮನೆಯಲ್ಲಿ ಶಿಕ್ಷಣ ಸಾಲ ಇರುವವನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ, ಉಪದೇಶದಿಂದ ಬಗೆಹರಿಯುವುದಿಲ್ಲ. ಕೋಡಿಂಗ್ ಕಲಿಯಲಿ, ನಾನೂ ಕಲಿಯುತ್ತಿದ್ದೇನೆ. ಆದರೆ ಅಲ್ಲೂ ಸಂದರ್ಶನದಲ್ಲಿ ಕೇಳುವುದು 'ಇದನ್ನು ಹೀಗೇ ಯಾಕೆ ಮಾಡಿದಿರಿ?' ಎಂದೇ. 20 ಮಿಲಿಮೀಟರಿನ ಪ್ರಶ್ನೆ ಎಲ್ಲಿ ಹೋದರೂ ನಮ್ಮನ್ನು ಬಿಡುವುದಿಲ್ಲ.

ಸ್ವಂತ ದಾರಿ ಸುಲಭ ಎಂದೂ ನಾನು ಹೇಳಲಾರೆ. ದೆಹಲಿ ವರ್ಗದ ಹಡಗುಗಳನ್ನು ಓಡಿಸುವ ಗ್ಯಾಸ್ ಟರ್ಬೈನ್ ಇಂದಿಗೂ ನಮ್ಮದಲ್ಲ, ಉಕ್ರೇನಿನದು. ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆ ಯುದ್ಧವಿಮಾನಕ್ಕೆಂದು 'ಕಾವೇರಿ' ಎಂಜಿನ್ ರೂಪಿಸಲು ಹೊರಟು ಮೂರು ದಶಕ ದಾಟಿತು. ತೇಜಸ್ ವಿಮಾನಕ್ಕೆ ಬೇಕಾದ ಬಲ ಅದರಿಂದ ಬರಲಿಲ್ಲ. ಅದನ್ನು ಸೋಲು ಎಂದು ನಗುವವರಿದ್ದಾರೆ. ಆದರೆ ಅದೇ ಕಾವೇರಿಯಿಂದ ಹಡಗಿಗೆ ಹೊಂದುವ ಟರ್ಬೈನನ್ನೂ ಮಾಡಿ ವಿಶಾಖಪಟ್ಟಣದಲ್ಲಿ ಪರೀಕ್ಷಿಸಿದ್ದಾರೆ. ಬೈನ್‌ಬ್ರಿಜ್‌ನಿಂದ ಕ್ಲೆಮ್ಸನ್‌ವರೆಗಿನ ದಾರಿ ಓದಿದವರು ಕಾವೇರಿಯನ್ನು ನೋಡಿ ನಗಲಾರರು. ಇನ್ನೂ ಎಷ್ಟು ಮೆಟ್ಟಿಲಿದೆ ಎಂದು ಲೆಕ್ಕ ಹಾಕುತ್ತಾರೆ.

ಹಾಗಾಗಿ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಡೆಮೊ ದಿನ ಯಂತ್ರ ಓಡಿತೇ ಇಲ್ಲವೇ ಎಂಬುದಕ್ಕೇ ಅಂಕ ಕೊಟ್ಟರೆ ನಾವು ಅಂಗಡಿಗೇ ಹೋಗುತ್ತೇವೆ, ಅಲ್ಲಿಯ ಯಂತ್ರ ಆ ದಿನದ ಮಟ್ಟಿಗೆ ಓಡಿಯೇ ಓಡುತ್ತದೆ. ಅದರ ಬದಲು ಯಾವ ವಾರ ಏನು ಮಾಡಿದಿರಿ, ಏನು ಮುರಿಯಿತು, ಯಾಕೆ ಮುರಿಯಿತು, ಆಮೇಲೆ ಏನು ಬದಲಿಸಿದಿರಿ ಎಂದು ಬರೆದ ನೋಟ್‌ಬುಕ್ಕಿಗೆ ಅರ್ಧ ಅಂಕ ಇಡಿ. ಸೋತ ಯಂತ್ರಕ್ಕೂ ಪಾಸಾಗುವ ದಾರಿ ಇರಲಿ. ಹಿಂದಿನ ಬ್ಯಾಚಿನ ಯಂತ್ರವನ್ನು ಗುಜರಿಗೆ ಹಾಕದೆ ಮುಂದಿನ ಬ್ಯಾಚಿಗೆ ಕೊಡಿ, ಅವರು ಅಲ್ಲಿಂದ ಶುರುಮಾಡಲಿ. ಒಂದೇ ಯಂತ್ರ ಐದು ಬ್ಯಾಚಿನ ಕೈ ದಾಟಿದರೆ ಅದು ನಮ್ಮ ಕಾಲೇಜಿನ 'ಪ್ರಾಜೆಕ್ಟ್ 15' ಆದೀತು.

ನಾನು ಮಾಡಬೇಕೆಂದಿರುವುದು ಬೇಯಿಸಿದ ಅಡಿಕೆ ಒಣಗಿಸುವ ಸಣ್ಣ ಡ್ರೈಯರ್. ಸುಗ್ಗಿಯಲ್ಲಿ ಅಕಾಲ ಮಳೆ ಹಿಡಿದರೆ ಅಂಗಳದ ಅಡಿಕೆ ಬೂಸ್ಟು ಹಿಡಿಯುವುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಇಂಥ ಡ್ರೈಯರ್‌ಗಳು ಪೇಟೆಯಲ್ಲಿ ಸಿಗುತ್ತವೆ, ನನ್ನದಕ್ಕಿಂತ ಚೆನ್ನಾಗಿಯೇ ಇವೆ. ನನ್ನದು ಮೊದಲ ಸಲ ಅಡಿಕೆಯನ್ನು ಸುಟ್ಟರೂ ಸುಡಬಹುದು. ಸುಟ್ಟರೆ ಯಾಕೆ ಸುಟ್ಟಿತು ಎಂದು ನನಗೆ ಗೊತ್ತಿರುತ್ತದೆ, ಅಪ್ಪ ಕೇಳಿದರೆ ಹೇಳಲು ಬರುತ್ತದೆ.

ತಂಡದ ಮೂವರಲ್ಲಿ ಒಬ್ಬ ಈಗಾಗಲೇ ಅರ್ಧ ಒಪ್ಪಿದ್ದಾನೆ. ಉಳಿದಿಬ್ಬರು ಈ ಪುಟವನ್ನು ಓದುತ್ತಾರೆ ಎಂದು ನನಗೆ ಗೊತ್ತು. ಸೋಮವಾರ ವಿಷಯ ಕೊಡಬೇಕು ಕಣ್ರೋ, ಬೇಗ ಹೇಳಿ.